ತುಕ್ಕಿನ ಮೇಲೆ ಮುಲಾಮು

ಯಜಮಾನನ ಅಂಗೈ ಒಪ್ಪದೆ ಆ ಅಂಗಡಿಯಿಂದ ಒಂದು ಚಮಚವೂ ಹೊಸ್ತಿಲು ದಾಟುತ್ತಿರಲಿಲ್ಲ.

ಹಳೆಯ ಲೋಹದ ಸಾಮಾನುಗಳಿಗೆ ಹೊಳಪು ಕೊಡುವ ಅಂಗಡಿ ಅದು. ತುಕ್ಕು ತಿಂದ ಕತ್ತರಿ, ಕಿಲುಬುಗಟ್ಟಿದ ಬಾಗಿಲ ಹಿಡಿ, ಹೊಗೆ ಕುಡಿದು ಕಪ್ಪಾದ ದೀಪದ ಕಂಬ, ತಾಮ್ರದ ಮೇಲೆ ಬೆಳ್ಳಿಯ ಲೇಪ ಹೊತ್ತ ಹೋಟೆಲಿನ ತಟ್ಟೆ, ಎಲ್ಲವೂ ಅಲ್ಲಿಗೆ ಬಂದು ಬೀಳುತ್ತಿದ್ದವು. ಮುಂದೆ ಗಾಜಿನ ಕಪಾಟು, ಹಿಂದೆ ಉದ್ದನೆಯ ಕೆಲಸದ ಮೇಜು, ಮೇಜಿನ ತುದಿಗೆ ಗರಗರ ತಿರುಗುವ ಬಟ್ಟೆಯ ಚಕ್ರ, ಅದರಾಚೆ ತುಕ್ಕು ಬಿಡಿಸುವ ಆಮ್ಲದ ತೊಟ್ಟಿ. ಹಿಂಬಾಗಿಲು ತೆರೆದರೆ ನೇರ ಮನೆಯ ಬಚ್ಚಲು. ಅಂಗಡಿ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಆ ಮನೆಯವರಿಗೇ ಗೊತ್ತಿರಲಿಲ್ಲ. ಹಾಸಿಗೆಗೂ ಪಾಲಿಶ್ ಪುಡಿಯ ವಾಸನೆ ಅಂಟಿಕೊಂಡಿತ್ತು.

ಉಜ್ಜಿ ಮುಗಿಸಿದ ಸಾಮಾನನ್ನು ತಂದು ಯಜಮಾನನ ಮುಂದಿಡಬೇಕು. ಅವನು ಕಣ್ಣು ಮುಚ್ಚಿಕೊಂಡು ಮಣಿಕಟ್ಟಿನಿಂದ ಬೆರಳ ತುದಿಯವರೆಗೂ ಅಂಗೈಯನ್ನು ಅದರ ಮೇಲೆ ನಿಧಾನಕ್ಕೆ ಎಳೆಯುತ್ತಿದ್ದ. ಕಣ್ಣು ಮೋಸ ಹೋಗುತ್ತದೆ, ಅಂಗೈ ಹೋಗುವುದಿಲ್ಲ ಎನ್ನುವುದು ಅವನ ಸಿದ್ಧಾಂತ. ಆಮೇಲೆ ಎರಡರಲ್ಲಿ ಒಂದು ಮಾತು. ‘ಸಾಕು’ ಎಂದರೆ ಸಾಮಾನನ್ನು ಕಾಗದದಲ್ಲಿ ಸುತ್ತಬಹುದು. ‘ಇನ್ನೊಂದ್ಸಲ’ ಎಂದರೆ ಅದು ಮೇಜಿನ ಕೆಳಗಿನ ತಗಡಿನ ಬುಟ್ಟಿಗೆ ಬೀಳುತ್ತಿತ್ತು. ಬಿದ್ದ ಸದ್ದು ಬೀದಿಗೆ ಕೇಳಿಸುವಂತೆ ಬೀಳುತ್ತಿತ್ತು.

ಮುದುಕನ ದರ್ಪ ಎಂದು ತಳ್ಳಿಹಾಕುವಂತಿರಲಿಲ್ಲ. ಆ ಅಂಗೈಗೆ ನಿಜವಾಗಿಯೂ ಗೊತ್ತಾಗುತ್ತಿತ್ತು. ಕಡಿಮೆ ಉಜ್ಜಿದರೆ ಕಲೆ ಉಳಿಯುತ್ತದೆ, ಹೆಚ್ಚು ಉಜ್ಜಿದರೆ ಬೆಳ್ಳಿಯ ಲೇಪ ಸವೆದು ಒಳಗಿನ ತಾಮ್ರ ಕೆಂಪಗೆ ಇಣುಕುತ್ತದೆ, ಸಾಮಾನು ಕೆಟ್ಟಿತು ಎಂದೇ ಲೆಕ್ಕ. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇಲ್ಲದೆ ಹೇಳುವುದರಲ್ಲಿ ಅವನದು ಎತ್ತಿದ ಕೈ.

ಆ ಅಂಗೈ ಎಲ್ಲರಿಗೂ ಎಂದಾದರೊಂದು ದಿನ ‘ಸಾಕು’ ಎಂದಿತ್ತು. ಕೂಲಿಗೆ ಬಂದು ಬಿಟ್ಟುಹೋದವರಿಗೂ ಎಂದಿತ್ತು. ಅರ್ಧ ಕೆಲಸಕ್ಕೇ ಆಕಳಿಸುವ ಮಗನಿಗೂ ಎಂದಿತ್ತು. ಸೊಸೆಗೆ ಮಾತ್ರ ಒಮ್ಮೆಯೂ ಎಂದಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಅವಳು ಮೇಜಿಗೆ ಕುಳಿತವಳು. ಕೈ ಚುರುಕು, ಕಣ್ಣು ಚುರುಕು, ಹಟ ಅದಕ್ಕಿಂತ ಚುರುಕು. ಅವಳು ತಂದಿಟ್ಟದ್ದೆಲ್ಲ ಬುಟ್ಟಿಗೆ ಬೀಳುತ್ತಿತ್ತು, ಮತ್ತೆ ಉಜ್ಜಿ ತಂದರೆ ಮತ್ತೆ ಬೀಳುತ್ತಿತ್ತು. ಕೊನೆಗೆ ಮುದುಕ ತಾನೇ ಬಟ್ಟೆ ತೆಗೆದುಕೊಂಡು ಒಂದೆರಡು ಸಲ ಆಡಿಸಿ, ತುಟಿ ಬಿಚ್ಚದೆ ಮಗನತ್ತ ತಳ್ಳುತ್ತಿದ್ದ. ಅವಳ ಕೆಲಸ ಗಂಡನ ಹೆಸರಿನಲ್ಲಿ ಹೊರಗೆ ಹೋಗುತ್ತಿತ್ತು.

ಅದನ್ನೆಲ್ಲ ಅವಳು ನುಂಗಿಕೊಂಡಾಳು. ದೀಪದ ಕಂಬದ ದಿನವನ್ನು ಮಾತ್ರ ನುಂಗಲಾಗಲಿಲ್ಲ. ಅವಳ ಅಮ್ಮನಿಗೆ ಸೀರಿಯಸ್ ಆಗಿದೆ, ಕೂಡಲೇ ಬಾ ಎಂದು ಅಣ್ಣ ಫೋನ್ ಮಾಡಿದಾಗ ಅವಳ ಕೈಯಲ್ಲಿ ಒಂದು ಹಿತ್ತಾಳೆಯ ಕಂಬವಿತ್ತು. ಕೈ ತೊಳೆಯಲು ಎದ್ದವಳನ್ನು ಮುದುಕ ತಡೆದ.

“ಹಿಡಿದ ಕೆಲಸ ಮುಗಿಸಿ ಹೊರಡು. ಗಿರಾಕಿ ಸಂಜೆ ಬರ್ತಾರೆ.”

ಅವಳು ಮುಗಿಸಿ ತಂದಿಟ್ಟಳು. ‘ಇನ್ನೊಂದ್ಸಲ.’ ಕಣ್ಣೀರಿನಲ್ಲೇ ಉಜ್ಜಿ ತಂದಳು. ‘ಇನ್ನೊಂದ್ಸಲ.’ ಗಂಡ ಗೋಡೆ ನೋಡುತ್ತ ನಿಂತಿದ್ದ. ಅವಳು ಅಮ್ಮನ ಮನೆ ತಲುಪಿದಾಗ ಹೆಂಗಸರು ಅಂಗಳ ತೊಳೆಯುತ್ತಿದ್ದರು. ಹೊತ್ತುಕೊಂಡು ಹೋಗಿಯಾಗಿತ್ತು. ಅಮ್ಮನ ಮುಖ ನೋಡುವ ಭಾಗ್ಯವೂ ಅವಳಿಗೆ ಸಿಗಲಿಲ್ಲ.

ವಾಪಸ್ಸು ಬಂದವಳು ಯಾರ ಜೊತೆಯೂ ಜಗಳಕ್ಕೆ ನಿಲ್ಲಲಿಲ್ಲ. ಮೇಜಿಗೆ ಕುಳಿತಳು. ಎಂದಾದರೊಂದು ದಿನ ಈ ಮುದುಕನ ಬಾಯಿಂದ ‘ಸಾಕು’ ಎನ್ನಿಸಿಯೇ ತೀರುತ್ತೇನೆ ಎಂದು ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಎಂಥ ಹುಚ್ಚು ನೋಡಿ. ದ್ವೇಷ ಮಾಡುವವನ ಬಾಯಿಂದಲೇ ಭೇಷ್ ಎನ್ನಿಸಿಕೊಳ್ಳುವ ಆಸೆ. ಆದರೆ ಆ ಮನೆಯಲ್ಲಿ ಅವಳಿಗೆ ಬೇಕಾದದ್ದು ಅದೊಂದೇ ಉಳಿದಿತ್ತು.

ಮುದುಕನ ಮೈಯಲ್ಲಿ ಕಾಯಿಲೆ ಶುರುವಾದದ್ದು ಮೊಣಕೈಯಿಂದ. ಕೆಂಪು ಬಿಲ್ಲೆ, ಅದರ ಮೇಲೆ ಬೆಳ್ಳಗೆ ಮಿನುಗುವ ಹೊಟ್ಟು. ಪಾಲಿಶ್ ಪುಡಿ ಅಂಟಿಕೊಂಡಿದೆ ಎಂದು ಕೊಡವಿಕೊಂಡ. ಆಮೇಲೆ ಮೊಣಕಾಲು, ಆಮೇಲೆ ಕಿವಿಯ ಹಿಂದೆ, ಬೆನ್ನಿನ ಮೇಲೆ. ಅವನು ಎದ್ದು ಹೋದ ಕುರ್ಚಿಯನ್ನು ಸೊಸೆ ದಿನವೂ ಗುಡಿಸಬೇಕಾಗುತ್ತಿತ್ತು. ಉದ್ದ ತೋಳಿನ ಅಂಗಿ ಹಾಕಿಕೊಂಡು ಅವನು ಎಲ್ಲವನ್ನೂ ಮುಚ್ಚಿಟ್ಟ. ಕೊನೆಗೆ ಅದು ಅಂಗೈಗೇ ಬಂತು. ಅಂಗಿಗೆ ಎಷ್ಟು ಉದ್ದ ತೋಳಿದ್ದರೂ ಅಂಗೈ ಮುಚ್ಚುವುದಿಲ್ಲ. ಚರ್ಮ ದಪ್ಪಗಾಯಿತು, ಒಣಗಿತು, ಬಿರುಕು ಬಿಟ್ಟಿತು. ಆ ಬಿರುಕುಗಳಲ್ಲಿ ಉಜ್ಜುವ ಪುಡಿಯ ಹರಳುಗಳು ಹೊಕ್ಕು ಕುಳಿತವು.

ಹೋಟೆಲಿನ ಮ್ಯಾನೇಜರು ಒಂದು ದಿನ ತಟ್ಟೆಗಳನ್ನು ವಾಪಸ್ಸು ತಂದರು. ಒಂದನ್ನು ದೀಪದ ಕೆಳಗೆ ಓರೆ ಮಾಡಿ ಹಿಡಿದರು. ಕನ್ನಡಿಯಂತಿದ್ದ ತಟ್ಟೆಯ ನಡುವೆ ಸಣ್ಣ ಸಣ್ಣ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ.

“ನಿಮ್ಮ ಅಂಗಡಿಯಿಂದ ಇಂಥ ಮಾಲು ಬರುತ್ತೆ ಅಂದ್ಕೊಂಡಿರಲಿಲ್ಲ,” ಎಂದರು.

ಯಜಮಾನ ತಟ್ಟೆಯನ್ನು ಮುಟ್ಟಲಿಲ್ಲ. ಕೈಗಳೆರಡನ್ನೂ ಮೇಜಿನ ಕೆಳಗಿಟ್ಟುಕೊಂಡು ಹೇಳಿದ. “ಸೊಸೆ ಕೆಲಸ ಸರ್. ಇಷ್ಟು ವರ್ಷದಿಂದ ಹೇಳ್ಕೊಡ್ತಿದೀನಿ, ತಲೆಗೆ ಹತ್ತಿದ್ರೆ ತಾನೆ.”

ಸೊಸೆ ತಟ್ಟೆಯನ್ನು ನೋಡಿದಳು. ಗೀರುಗಳ ಪಟ್ಟಿ ಸರಿಯಾಗಿ ಒಂದು ಅಂಗೈಯಷ್ಟು ಅಗಲವಿತ್ತು. ಯಾರ ಅಂಗೈ ಎಂದು ಅವಳಿಗೆ ಕೇಳಬೇಕಿರಲಿಲ್ಲ. ಮ್ಯಾನೇಜರು ಅವಳನ್ನು ಮೇಲಿಂದ ಕೆಳಗೆ ನೋಡಿ, ಹೊಸ ಊಟದ ಹಾಲ್ ತೆರೆಯುವ ಮೊದಲು ಎಲ್ಲ ತಟ್ಟೆಗಳೂ ಬೇಕು, ಮತ್ತೆ ಗೀರು ಕಂಡರೆ ಬೇರೆ ಅಂಗಡಿ ನೋಡಿಕೊಳ್ಳುತ್ತೇವೆ ಎಂದು ಹೇಳಿ ಹೋದರು. ಮುದುಕ ತನ್ನ ಅಂಗೈಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡುತ್ತ ಕುಳಿತ. ಮಾರನೆಯ ದಿನ ತಾನಾಗಿಯೇ ಡಾಕ್ಟರ ಹತ್ತಿರ ಹೋಗೋಣ ಎಂದ. ಮಗನಿಗೆ ಆಸ್ಪತ್ರೆಯ ವಾಸನೆ ಆಗುವುದಿಲ್ಲವಂತೆ. ಸೊಸೆ ಜೊತೆಗೆ ಹೋದಳು.

ಚರ್ಮದ ಡಾಕ್ಟರು ಹೆಂಗಸು, ಮಾತಿನಲ್ಲಿ ನಿಧಾನಸ್ಥೆ. ಮೈಯೆಲ್ಲ ನೋಡಿ ಸೋರಿಯಾಸಿಸ್ ಎಂದರು. ಯಾರಿಂದಲೂ ಅಂಟಿದ್ದಲ್ಲ, ಯಾರಿಗೂ ಅಂಟುವುದಿಲ್ಲ ಎಂದರು. ಮೈ ಕಾಯಬೇಕಾದ ಸೈನ್ಯವೇ ತಪ್ಪು ತಿಳಿದು ತನ್ನ ಚರ್ಮದ ಮೇಲೆ ಬಿದ್ದಿದೆ. ಆ ಸೈನ್ಯ ಆಮ್ಲಜನಕದಿಂದ ಒಂದು ಬಗೆಯ ಉರಿಯುವ ಕಣಗಳನ್ನು ಹುಟ್ಟಿಸುತ್ತದೆ. ಅವನ್ನು ತಣಿಸುವ ಸಾಮಗ್ರಿಯೂ ದೇಹದಲ್ಲಿದೆ, ಆದರೆ ನಿಮ್ಮಲ್ಲಿ ಉರಿ ಹೆಚ್ಚು, ತಣಿಸುವುದು ಕಡಿಮೆ. ಇದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತೇವೆ. ಉರಿ ಕಂಡಲ್ಲಿ ಇನ್ನಷ್ಟು ಸೈನ್ಯ ಬರುತ್ತದೆ, ಸೈನ್ಯ ಬಂದಲ್ಲಿ ಇನ್ನಷ್ಟು ಉರಿ. ಚರ್ಮ ಗಾಬರಿ ಬಿದ್ದು ಬಲಿಯುವ ಮೊದಲೇ ಹೊಸ ಪದರ ಹುಟ್ಟಿಸುತ್ತ ಹೋಗುತ್ತದೆ, ಅದೇ ಈ ಹೊಟ್ಟು. ನೀವು ಸೇದುವ ಸಿಗರೇಟು ಇದಕ್ಕೆ ತುಪ್ಪ ಸುರಿದ ಹಾಗೆ.

ಮುದುಕನ ಮುಖದಲ್ಲಿ ಏನೂ ಇಳಿದ ಹಾಗೆ ಕಾಣಲಿಲ್ಲ. ಡಾಕ್ಟರು ಅವನ ಕಸುಬು ಕೇಳಿದರು. ಕೇಳಿದ ಮೇಲೆ ಅವರ ಮುಖ ಅರಳಿತು.

“ಹಾಗಾದ್ರೆ ನಿಮಗೆ ಸುಲಭವಾಗಿ ಗೊತ್ತಾಗುತ್ತೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಅದೂ ಆಮ್ಲಜನಕದ್ದೇ ಕೆಲಸ. ನಿಮ್ಮ ಮೈ ಒಳಗೊಳಗೇ ಒಂಥರಾ ತುಕ್ಕು ಹಿಡೀತಿದೆ ಅಂದ್ಕೊಳ್ಳಿ.”

ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮುದುಕ ಬೆನ್ನು ನೆಟ್ಟಗೆ ಮಾಡಿ ಕುಳಿತ. ಮೊದಲ ಬಾರಿಗೆ ಈ ಕೋಣೆಯಲ್ಲಿ ಅವನಿಗೆ ಗೊತ್ತಿರುವ ಮಾತೊಂದು ಬಂದಿತ್ತು.

ರಕ್ತ ಕೊಡಲು ಅವನನ್ನು ಪಕ್ಕದ ಕೋಣೆಗೆ ಕಳುಹಿಸಿ ಡಾಕ್ಟರು ಸೊಸೆಯತ್ತ ತಿರುಗಿದರು. “ನೋಡಿ, ಮುಲಾಮು, ಮಾತ್ರೆ ಬರೆದಿದೀನಿ, ಗುಣ ಕಾಣ್ಸುತ್ತೆ. ಒಂದು ಮಾತು ಮಾತ್ರ ಮರೀಬೇಡಿ. ಆ ಹೊಟ್ಟನ್ನ ಕೀಳೋದು, ಉಜ್ಜೋದು ಕೂಡದು. ಈ ಕಾಯಿಲೆಗೆ ಒಂದು ಕೆಟ್ಟ ಗುಣ ಇದೆ. ಚರ್ಮಕ್ಕೆ ಎಲ್ಲಿ ಗಾಯ ಆಗುತ್ತೋ ಅಲ್ಲೇ ಹೊಸದಾಗಿ ಏಳುತ್ತೆ. ಒಂದು ಗೀರು ಎಳೆದ್ರೆ ಆ ಗೀರಿನ ಉದ್ದಕ್ಕೂ ಬರುತ್ತೆ. ನಿಮ್ಮ ಮಾವನವರಿಗೆ ತಿಳಿಸಿ ಹೇಳಿ.”

“ಹೇಳ್ತೀನಿ ಡಾಕ್ಟ್ರೇ,” ಎಂದಳು ಸೊಸೆ. ಆ ಗಳಿಗೆಯಲ್ಲಿ ಅವಳು ಹೇಳುವವಳೇ ಆಗಿದ್ದಳು.

ಬಸ್ಸಿನಲ್ಲಿ ಅವನೇ ಮಾತು ತೆಗೆದ. ಅಷ್ಟು ಹುರುಪಿನಲ್ಲಿ ಅವನು ಅವಳೊಡನೆ ಎಂದೂ ಮಾತಾಡಿರಲಿಲ್ಲ. “ಕೇಳಿದ್ಯಾ? ತುಕ್ಕಂತೆ. ಮೊದಲೇ ಹೇಳಿದ್ರೆ ಈ ಆಸ್ಪತ್ರೆ ಸಹವಾಸಾನೇ ಬೇಕಿರಲಿಲ್ಲ. ಮುಲಾಮು ಬರೆದಿದಾಳೆ ಮುಲಾಮು. ತುಕ್ಕಿನ ಮೇಲೆ ಬಣ್ಣ ಹೊಡೆಯೋನಿಗೆ ಏನಂತೀವಿ ನಾವು?”

“ಕಳ್ಳ ಅಂತೀವಿ,” ಎಂದಳು ಸೊಸೆ. ಅದು ಆ ಅಂಗಡಿಯ ಮೊದಲ ಪಾಠ. ತುಕ್ಕನ್ನು ಬುಡಸಮೇತ ಕೆರೆದು ತೆಗೆಯಬೇಕು, ಹಸಿ ಲೋಹ ಕಾಣಬೇಕು, ಆಮೇಲೆ ಎಣ್ಣೆ. ತುಕ್ಕಿನ ಮೇಲೆ ಏನು ಹಚ್ಚಿದರೂ ಒಳಗೆ ತಿನ್ನುತ್ತಲೇ ಇರುತ್ತದೆ.

“ಮತ್ತೆ?”

“ಮಾವ, ಡಾಕ್ಟ್ರು ನನ್ನ ಹತ್ರ ಒಂದು ಮಾತು ಹೇಳಿದ್ರು. ಉಜ್ಜೋದು...”

“ನೀನು ನಂಗೆ ಉಜ್ಜೋದರ ಪಾಠ ಹೇಳ್ತೀಯಾ?” ಅವನು ಮೆಲ್ಲಗೇ ಕೇಳಿದ, ಆದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. “ಒಂದು ದಿನ ಒಂದು ಸಾಮಾನು ಸರಿಯಾಗಿ ಉಜ್ಜಿ ತೋರಿಸಿದೀಯಾ? ನಿನ್ನ ಕೈಲಿ ಒಂದು ದೀಪದ ಕಂಬಾನೂ ಆಗ್ಲಿಲ್ಲ.”

ಅವಳು ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ಅಂಗಡಿಗಳ ಬೋರ್ಡುಗಳು ಒಂದಾದ ಮೇಲೊಂದು ಹಿಂದೆ ಹೋದವು. ಬೇರೆ ಯಾವ ಮಾತು ಆಡಿದ್ದರೂ ಅವಳು ಇನ್ನೊಮ್ಮೆ ಹೇಳಲು ನೋಡುತ್ತಿದ್ದಳೋ ಏನೋ. ಮುದುಕ ಆಡಿಕೊಂಡದ್ದು ಆ ಕಂಬದ ಮಾತು.

ಮುಲಾಮಿನ ಟ್ಯೂಬು ಕಪಾಟು ಸೇರಿತು. ಬಚ್ಚಲಿನಲ್ಲಿ ಮುಕ್ಕಾಲಿ ಹಾಕಿಸಿ, ಬಿಸಿನೀರು ಇಡಿಸಿ, ಕೆಲಸದ ಮೇಜಿನಿಂದ ಗಟ್ಟಿ ಬ್ರಷ್ಷು, ಉಜ್ಜುವ ಕಲ್ಲು, ನಯವಾದ ಮರಳುಕಾಗದ ತರಿಸಿಕೊಂಡ ಮುದುಕ ಮಗನನ್ನು ಕರೆದ. ಮಗ ಬಂದ, ಅಪ್ಪನ ಬರಿಬೆನ್ನು ನೋಡಿದ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕಂಬಿ ಕಿತ್ತ.

“ನೀನೇ ಬಾ,” ಎಂದು ಮುದುಕ ಸೊಸೆಯನ್ನು ಕರೆದ. ಅವಳು ಬಾಗಿಲಲ್ಲೇ ನಿಂತಳು. “ಮೈ ಅಂತ ನೋಡ್ಬೇಡ. ಕೆಲಸ ಅಂತ ನೋಡು.”

ಅವಳು ಸೆರಗು ಸಿಕ್ಕಿಸಿಕೊಂಡು ಬ್ರಷ್ಷು ಕೈಗೆತ್ತಿಕೊಂಡಳು. ಮುದುಕ ಕುತ್ತಿಗೆ ತಿರುಗಿಸದೆ ಕೇಳಿದ. “ಆ ಡಾಕ್ಟ್ರು ಇನ್ನೇನಾದ್ರೂ ಹೇಳಿದ್ಲಾ?”

ಅವನು ಅವಳನ್ನು ಏನನ್ನಾದರೂ ಕೇಳಿದ್ದೇ ಅಪರೂಪ. ಈ ಸಲ ನಿಜವಾಗಿ ಕೇಳಿದ್ದ, ಉತ್ತರಕ್ಕೆ ಕಾದಿದ್ದ ಕೂಡ. ಬೆನ್ನಿನ ಮೂಳೆಗಳು ಎದ್ದು ಕಾಣುತ್ತಿದ್ದವು. ನೀರು ಹಂಡೆಯಲ್ಲಿ ಗುಳುಗುಳು ಎನ್ನುತ್ತಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

“ಮುಲಾಮು ಹಚ್ಚಿ ಅಂದ್ರು, ಅಷ್ಟೇ,” ಎಂದಳು ಸೊಸೆ.

ಅವಳು ಉಜ್ಜಿದಳು. ಅವನು ಕಲಿಸಿದಂತೆಯೇ ಉಜ್ಜಿದಳು, ಮೇಲಿಂದ ಕೆಳಗೆ, ಒಂದೇ ಅಳತೆಯ ಒತ್ತಡ, ಒಂದೇ ದಿಕ್ಕು. ಹೊಟ್ಟು ನೀರಿನಲ್ಲಿ ತೇಲಿಹೋಯಿತು. ಕೆಳಗೆ ಗುಲಾಬಿ ಬಣ್ಣದ ಚರ್ಮ, ಅದರ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ಮುದುಕ ಹಲ್ಲು ಕಚ್ಚಿಕೊಂಡು ಕುಳಿತಿದ್ದ, ಒಂದು ಸಲವೂ ಕುಂಯ್ ಎನ್ನಲಿಲ್ಲ. ಅಂಗೈಗಳನ್ನು ಅವನೇ ಕಲ್ಲಿನಿಂದ ತಿಕ್ಕಿಕೊಂಡ. ಆಮೇಲೆ ಎಣ್ಣೆ ಹಚ್ಚಿಸಿಕೊಂಡು ಎದ್ದು ಬಂದು ಮೇಜಿನ ಮೇಲಿನ ತಟ್ಟೆಯೊಂದನ್ನು ಮುಟ್ಟಿದ. ಅಂಗೈ ಜಾರಿತು. ಗೀರು ಬೀಳಲಿಲ್ಲ.

“ನೋಡಿದ್ಯಾ? ಹಸಿ ಲೋಹ,” ಎಂದು ಮಗನಿಗೆ ಅಂಗೈ ತೋರಿಸಿದ. ಅಂದು ಅವನು ಎಲ್ಲರ ಕೆಲಸವನ್ನೂ ಪರೀಕ್ಷೆ ಮಾಡಿದ. ಸೊಸೆಯದು ಬುಟ್ಟಿಗೆ ಬಿತ್ತು.

ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬೆನ್ನಿಗೆ ನೀರು ಹಾಕುವಾಗ ಸೊಸೆಯ ಕೈ ನಿಂತಿತು. ಮೊದಲು ಬಿಲ್ಲೆಗಳಿದ್ದ ಬೆನ್ನಿನಲ್ಲಿ ಈಗ ಪಟ್ಟೆಗಳಿದ್ದವು. ಹೆಗಲಿನಿಂದ ಸೊಂಟದವರೆಗೆ, ಬ್ರಷ್ಷು ಓಡಿದ ದಾರಿಯಲ್ಲೇ, ಸಾಲು ಹಿಡಿದು ಎದ್ದಿದ್ದವು. ಎಲ್ಲಿ ಅವಳ ಕೈ ಸ್ವಲ್ಪ ಭಾರ ಬಿದ್ದಿತ್ತೋ ಅಲ್ಲಿ ಪಟ್ಟೆ ದಪ್ಪ, ಎಲ್ಲಿ ಹಗುರಾಗಿತ್ತೋ ಅಲ್ಲಿ ತೆಳು. ತನ್ನ ಕೈಕೆಲಸ ಅವಳಿಗೆ ಗುರುತು ಸಿಕ್ಕಿತು. ಅವಳ ಕೆಲಸ ಇಷ್ಟು ಸ್ಪಷ್ಟವಾಗಿ ಯಾವ ಸಾಮಾನಿನ ಮೇಲೂ ಮೂಡಿರಲಿಲ್ಲ.

ಅವಳೊಳಗೆ ಉರಿಯುತ್ತಿದ್ದದ್ದು ಏನೋ ತಣ್ಣಗಾಯಿತು. ಹೆದರಿಕೆಯೂ ಆಯಿತು, ಇಲ್ಲವೆನ್ನುವಂತಿಲ್ಲ. ಆದರೆ ತಣ್ಣಗಾದದ್ದೂ ನಿಜ.

“ಹೆಚ್ಚಾಗಿದೆ ಮಾವ,” ಎಂದಳು.

“ಹೆಚ್ಚಾಗಿಲ್ಲ, ಒಳಗಿದ್ದದ್ದು ಹೊರಗೆ ಬರ್ತಿದೆ. ಆಳವಾದ ತುಕ್ಕು ಹಾಗೇ,” ಎಂದ ಮುದುಕ. “ಗಟ್ಟಿಯಾಗಿ ಉಜ್ಜು.”

ಗಟ್ಟಿಯಾಗಿ ಉಜ್ಜಿದಳು. ಅಂಗೈ ಮತ್ತೆ ಬಿರುಕು ಬಿಟ್ಟಿತು, ಮೊದಲಿಗಿಂತ ಕೆಟ್ಟದಾಗಿ. ಹೋಟೆಲಿನ ತಟ್ಟೆಗಳು ಪರೀಕ್ಷೆಯಾಗದೆ ಕಪಾಟಿನಲ್ಲಿ ಸಾಲಾಗಿ ಕುಳಿತಿದ್ದವು, ಮ್ಯಾನೇಜರ ಫೋನು ಬರುತ್ತಲೇ ಇತ್ತು. ಮುದುಕ ಒಂದು ಸಂಜೆ ಆಮ್ಲದ ತೊಟ್ಟಿಯ ಮುಂದೆ ನಿಂತು, ನೀರು ಬೆರೆಸಿ ಕೈ ಅದ್ದಿದರೆ ಹೇಗೆ ಎಂದು ಕೇಳಿದ. ಸೊಸೆ ಓಡಿಬಂದು ಕೈ ಹಿಡಿದಳು. “ಅದು ಮಾತ್ರ ಬೇಡ ಮಾವ,” ಎಂದು ಬೇಡಿಕೊಂಡಳು. ಅಷ್ಟು ಕರುಣೆ ಅವಳಲ್ಲಿ ಇತ್ತು. ಆ ಒಂದು ತಡೆದದ್ದನ್ನೇ ನೆನೆಸಿಕೊಂಡು ಅವಳು ಮುಂದೆ ಎಷ್ಟೋ ದಿನ ತಾನು ಕೆಟ್ಟವಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಿಗರೇಟನ್ನೂ ಮುದುಕ ಬಿಡಲಿಲ್ಲ. ಬಿಡಿ ಎಂದು ಮನೆಯಲ್ಲಿ ಯಾರೂ ಹೇಳಲೂ ಇಲ್ಲ.

ಕೊನೆಯ ಸಲ ಉಜ್ಜಿದ್ದು ಒಂದು ಮಧ್ಯಾಹ್ನ. ಮರುದಿನ ತಟ್ಟೆ ಒಯ್ಯಲು ಹೋಟೆಲಿನವರು ಬರುವವರಿದ್ದರು. ಈ ಸಲ ಅಂಗೈಯನ್ನೂ ನೀನೇ ಮಾಡು, ನನ್ನ ಬೆರಳು ಮಡಚೋಕೆ ಬರ್ತಿಲ್ಲ ಎಂದು ಮುದುಕ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ. ಬೇಡುವವನ ಹಾಗೆ ಚಾಚಿದ್ದ. ಅವಳು ಒಂದು ಅಂಗೈಯನ್ನು ತನ್ನ ಎಡಗೈಯಲ್ಲಿ ಹಿಡಿದು ಮರಳುಕಾಗದ ಆಡಿಸತೊಡಗಿದಳು. ಎಷ್ಟೋ ವರ್ಷ ಅವಳ ಕೆಲಸವನ್ನೆಲ್ಲ ಬುಟ್ಟಿಗೆ ತಳ್ಳಿದ ಕೈ. ಕೈಯಲ್ಲಿ ಹಿಡಿದರೆ ಎಷ್ಟು ಹಗುರ.

ನೀರು ಕೆಂಪಾಯಿತು. ಮುದುಕನ ಕಣ್ಣಿನಿಂದ ನೀರಿಳಿಯಿತು.

“ಸಾಕು,” ಎಂದ.

ಅವಳ ಕೈ ನಿಂತಿತು. ಎಷ್ಟು ವರ್ಷ ಕಾದ ಮಾತು. ಬಂದದ್ದು ಹೀಗೆ, ಬಚ್ಚಲಿನಲ್ಲಿ, ನಡುಗುವ ದನಿಯಲ್ಲಿ. ಅವಳು ಕಣ್ಣು ಮುಚ್ಚಿದಳು. ತನ್ನ ಅಂಗೈಯನ್ನು ಮುದುಕನ ಅಂಗೈಯ ಮೇಲೆ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ನಿಧಾನಕ್ಕೆ ಎಳೆದಳು.

“ಇನ್ನೊಂದ್ಸಲ ಮಾವ,” ಎಂದಳು.

ಮುದುಕ ಕೈ ಎಳೆದುಕೊಳ್ಳಲಿಲ್ಲ. ಅಂಗಡಿಯ ನಿಯಮ ಅವನೇ ಮಾಡಿದ್ದು.

ಮರುದಿನ ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ. ತಲೆಯಿಂದ ಕಾಲಿನವರೆಗೆ ಬೆಂದವನಂತೆ ಕೆಂಪಾಗಿ, ಬಾತುಕೊಂಡು, ಬಿಸಿಲಿನ ಹೊತ್ತಿನಲ್ಲೂ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದ. ಮಗನಿಗೆ ಆಸ್ಪತ್ರೆಯ ವಾಸನೆ ಆ ದಿನ ಮರೆತುಹೋಯಿತು. ಹೋಟೆಲಿನವರು ಬಂದು ತಟ್ಟೆಗಳನ್ನು ಹಾಗೇ ತೆಗೆದುಕೊಂಡು ಹೋದರು.

ಡಾಕ್ಟರು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಬೆನ್ನಿನ ಪಟ್ಟೆಗಳನ್ನು ನೋಡಿದರು. ಅವರ ನಿಧಾನದ ದನಿ ಮೊದಲ ಸಲ ಏರಿತು. “ಯಾರು ಉಜ್ಜಿದ್ದು ಇದನ್ನ? ಉಜ್ಜಲೇಬಾರದು, ಉಜ್ಜಿದಲ್ಲೆಲ್ಲ ಹೊಸದು ಏಳುತ್ತೆ ಅಂತ ಅವತ್ತೇ ನಿಮ್ಮ ಸೊಸೆಗೆ ಬಿಡಿಸಿ ಹೇಳಿದ್ದೆ. ಅವರು ನಿಮಗೆ ಹೇಳ್ಲಿಲ್ವಾ?”

ಗಂಡ ಹೆಂಡತಿಯ ಮುಖ ನೋಡಿದ. ಸೊಸೆ ನೆಲ ನೋಡಿದಳು. ಮುದುಕನ ಕಣ್ಣುಗಳು ನಿಧಾನಕ್ಕೆ ತಿರುಗಿ ಅವಳ ಮೇಲೆ ನಿಂತವು. ಬಚ್ಚಲಿನಲ್ಲಿ ತಾನು ಕೇಳಿದ್ದು, ಅವಳು ಹೇಳಿದ್ದು, ಎಲ್ಲ ಆ ಕಣ್ಣುಗಳಲ್ಲಿ ಒಂದೊಂದಾಗಿ ಬಂದು ಕುಳಿತದ್ದನ್ನು ಅವಳು ತಲೆ ಎತ್ತದೆಯೇ ಬಲ್ಲಳು.

“ಹೇಳಿದ್ಲು,” ಎಂದ ಮುದುಕ. “ನಾನೇ ಕೇಳ್ಲಿಲ್ಲ.”

ಆ ಮಾತಿಗೆ ಸೊಸೆ ಒಡೆದುಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಮನೆ ಬಿಟ್ಟು ಹೋಗು ಎಂದಿದ್ದರೆ ಹೋಗುತ್ತಿದ್ದಳು. ಕ್ಷಮೆ ಸಿಕ್ಕಿತು ಎಂದುಕೊಂಡಳು. ಅಂದಿನಿಂದ ಅವಳು ಮಾಡಿದ ಸೇವೆಯನ್ನು ಹೆತ್ತ ಮಗಳೂ ಮಾಡಲಾರಳು. ಹತ್ತಿಯಿಂದ ಮುಲಾಮು ಸವರಿದಳು, ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟಳು, ಸಿಗರೇಟಿನ ಪೊಟ್ಟಣಗಳನ್ನು ತಾನೇ ಹುಡುಕಿ ಹೊರಗೆಸೆದಳು. ಹಾಸಿಗೆಯ ಬಟ್ಟೆ ಒರಟಾಗಿದೆ ಎಂದು ತನ್ನ ಹಳೆಯ ಮೆತ್ತನೆಯ ಸೀರೆಗಳನ್ನು ಹಾಸಿದಳು. ಮುದುಕ ಅಷ್ಟಕ್ಕೂ ಮೈ ಒಡ್ಡಿ ಮಲಗಿದ್ದ. ಮಾತು ಬಹಳ ಕಡಿಮೆಯಾಗಿತ್ತು. ಬೈಗುಳ ಪೂರ್ತಿ ನಿಂತಿತ್ತು. ಅವಳು ಅದನ್ನೂ ಒಳ್ಳೆಯ ಲಕ್ಷಣ ಎಂದೇ ಓದಿಕೊಂಡಳು.

ಔಷಧಿ ತನ್ನ ಕೆಲಸ ಮಾಡಿತು. ಕೆಂಪು ಇಳಿಯಿತು, ಪಟ್ಟೆಗಳು ಮಾಸಿದವು, ಬಿರುಕುಗಳು ಕೂಡಿಕೊಂಡವು. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಮುದುಕ ಮತ್ತೆ ಮೇಜಿನ ಪಕ್ಕದ ಕುರ್ಚಿಯಲ್ಲಿ ಬಂದು ಕೂರುವಂತಾದ. ಡಾಕ್ಟರು ಅವನ ಬೆರಳ ತುದಿಗಳನ್ನು ಕೂದಲಿನಿಂದ ಸವರಿ ನೋಡಿ, ಸ್ಪರ್ಶ ಮೊದಲಿನಂತೆಯೇ ಇದೆ ಎಂದು ಬೆನ್ನು ತಟ್ಟಿ ಕಳಿಸಿದ್ದರು.

ಹೋಟೆಲಿನ ಮ್ಯಾನೇಜರು, ಮುದುಕನ ಕಥೆ ಕೇಳಿಯೋ ಏನೋ, ಒಂದು ತಟ್ಟೆಯನ್ನು ಮಾತ್ರ ಕಳಿಸಿದ್ದರು. ಇದನ್ನು ಮಾಡಿ ತೋರಿಸಿ, ಆಮೇಲೆ ಉಳಿದದ್ದು ನೋಡೋಣ ಎಂದಿದ್ದರು. ಸೊಸೆ ಆ ತಟ್ಟೆಗೆ ಜೀವ ಸುರಿದಳು. ಗಂಡನಿಗೆ ಮುಟ್ಟಗೊಡಲಿಲ್ಲ. ಅಂಚಿನ ಬಳ್ಳಿಯ ಕೆತ್ತನೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಎಲೆ ಎಲೆಯಾಗಿ ಬಿಡಿಸಿದಳು. ನಡುಭಾಗದಲ್ಲಿ ಮುಖ ನೋಡಿಕೊಂಡರೆ ರೆಪ್ಪೆಯ ಕೂದಲು ಎಣಿಸಬಹುದಿತ್ತು. ಒಂದು ಕಡೆ, ಅಂಚಿನ ಹತ್ತಿರ, ಓರೆ ಬೆಳಕಿಗೆ ಮಾತ್ರ ಕಾಣುವ ಒಂದು ಗೀರು ಉಳಿದಿತ್ತು. ಅದನ್ನು ತೆಗೆಯಹೋದರೆ ಲೇಪ ಸವೆಯುತ್ತದೆಯೋ, ಬಿಟ್ಟರೆ ಕೆಲಸ ಕೆಡುತ್ತದೆಯೋ ಅವಳಿಗೆ ಬಗೆಹರಿಯಲಿಲ್ಲ. ಅದನ್ನು ಹೇಳಬಲ್ಲ ಅಂಗೈ ಒಂದೇ ಇತ್ತು.

ತಂದು ಅವನ ಮುಂದಿಟ್ಟಳು. “ನೋಡಿ ಮಾವ.”

ಮುದುಕ ಒಂದೊಂದೇ ಬೆರಳಿನಿಂದ ಕೈಗವಸು ಕಳಚಿದ. ಅಂಗೈ ಎಳೆ ಮಗುವಿನದರಂತೆ ಮೆತ್ತಗೆ, ಗುಲಾಬಿಯಾಗಿತ್ತು. ಕಣ್ಣು ಮುಚ್ಚಿದ. ಮಣಿಕಟ್ಟಿನಿಂದ ಶುರುವಾಗಿ ಅಂಗೈ ತಟ್ಟೆಯ ಮೇಲೆ ಹರಿಯಿತು. ಅಂಚಿನ ಹತ್ತಿರ, ಸರಿಯಾಗಿ ಆ ಗೀರಿನ ಮೇಲೆ, ತೋರುಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದು ನಿಂತಿತು. ಸಿಕ್ಕಿಬಿಟ್ಟಿತು ಎಂದುಕೊಂಡಳು ಸೊಸೆ. ಅವಳಿಗೆ ಹೆದರಿಕೆಗಿಂತ ಹೆಚ್ಚು ಸಂತೋಷವೇ ಆಯಿತು. ಅಂಗೈ ಬದುಕಿದೆ. ‘ಇನ್ನೊಂದ್ಸಲ’ ಎನ್ನಲಿ, ಪರವಾಗಿಲ್ಲ, ಈ ಸಲ ಕುಣಿಯುತ್ತ ಉಜ್ಜಿ ತರುತ್ತೇನೆ.

“ಸಾಕು,” ಎಂದ ಮುದುಕ.

ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡ ನಗುತ್ತ ಕಾಗದ ತಂದು ತಟ್ಟೆ ಸುತ್ತತೊಡಗಿದ.

“ಅದನ್ನೂ ಕೊಡು,” ಎಂದು ಮುದುಕ ತಗಡಿನ ಬುಟ್ಟಿಯತ್ತ ಕೈ ತೋರಿಸಿದ. ಅದರಲ್ಲಿ ಅಂದು ಬೆಳಿಗ್ಗೆ ಬಂದ ಬಾಗಿಲ ಹಿಡಿ ಇತ್ತು, ಇನ್ನೂ ನೀರನ್ನೂ ಕಾಣದ್ದು, ತುಕ್ಕಿನ ಚಕ್ಕೆ ಉದುರುತ್ತಿದ್ದದ್ದು. ಮಗ ಎತ್ತಿಕೊಟ್ಟ. ಮುದುಕ ಕಣ್ಣು ಮುಚ್ಚಿ, ಅಷ್ಟೇ ನಿಧಾನಕ್ಕೆ, ಅಷ್ಟೇ ಮರ್ಯಾದೆಯಿಂದ ಅದರ ಮೇಲೆ ಅಂಗೈ ಎಳೆದ.

“ಸಾಕು.”

ಮಗ ತಮಾಷೆ ಎಂದುಕೊಂಡು ಕಿಸಕ್ಕನೆ ನಕ್ಕ. ಮುದುಕ ಮೇಜಿನ ಮೇಲಿದ್ದ ಅಲಗು ಮುರಿದ ಕತ್ತರಿಯನ್ನು ಮುಟ್ಟಿ ‘ಸಾಕು’ ಎಂದ. ಕಸದ ಮೊರವನ್ನು ಮುಟ್ಟಿ ‘ಸಾಕು’ ಎಂದ. ಎಲ್ಲಕ್ಕೂ ಒಂದೇ ದನಿ. ತಟ್ಟೆಗೆ ಆಡಿದ ದನಿಯೇ. ಆಮೇಲೆ ಕಣ್ಣು ಬಿಟ್ಟು ಸೊಸೆಯನ್ನು ನೇರವಾಗಿ ನೋಡಿದ. ಆಸ್ಪತ್ರೆಯ ಹಾಸಿಗೆಯಿಂದ ನೋಡಿದ್ದ ಅದೇ ನೋಟ. ಅದು ಕ್ಷಮೆಯ ನೋಟವಾಗಿರಲಿಲ್ಲ, ಅಂದೂ ಆಗಿರಲಿಲ್ಲ.

“ಇನ್ಮೇಲೆ ನೀನು ಏನು ತಂದ್ರೂ ಸಾಕು ಕಣಮ್ಮ,” ಎಂದ. “ನಿನ್ನ ಕೆಲಸಕ್ಕೆ ಇನ್ನೊಂದ್ಸಲ ಅಂತ ನಾನು ಸಾಯೋವರೆಗೂ ಅನ್ನಲ್ಲ.”

ಒಂದೊಂದೇ ಬೆರಳಿಗೆ ಕೈಗವಸು ಏರಿಸಿಕೊಂಡು ಅವನು ಬೀದಿಯತ್ತ ಮುಖ ತಿರುಗಿಸಿ ಕುಳಿತ.

ಸೊಸೆ ಗಂಡನ ಕೈಯಿಂದ ತಟ್ಟೆ ಕಿತ್ತುಕೊಂಡು ಕಾಗದ ಬಿಚ್ಚಿದಳು. ಚಕ್ರದ ಮುಂದೆ ಕುಳಿತು ಆ ಗೀರಿನ ಮೇಲೆ ಆಡಿಸಿದಳು. ನಿಲ್ಲಿಸಿ ತನ್ನ ಅಂಗೈ ಎಳೆದು ನೋಡಿದಳು. ಏನೂ ಗೊತ್ತಾಗಲಿಲ್ಲ. ಹೋಗಿದೆ ಎಂದೂ ಅನಿಸಿತು, ಇದೆ ಎಂದೂ ಅನಿಸಿತು. ಮತ್ತೆ ಚಕ್ರಕ್ಕೆ ಕೊಟ್ಟಳು, ಮತ್ತೆ ಮುಟ್ಟಿ ನೋಡಿದಳು.

“ಸಾಕು ಬಿಡೇ, ಅಪ್ಪ ಸಾಕು ಅಂದ್ರಲ್ಲ,” ಎಂದ ಗಂಡ.

ಅವಳು ಕೇಳಿಸಿಕೊಳ್ಳಲಿಲ್ಲ. ಚಕ್ರ ಗರಗರ ತಿರುಗುತ್ತಲೇ ಇತ್ತು. ಬೆಳ್ಳಿಯ ಲೇಪ ಸವೆದು ಒಳಗಿನ ತಾಮ್ರ ಕೆಂಪಗೆ ಇಣುಕಿದ ಮೇಲೂ ಅವಳು ಉಜ್ಜುತ್ತಲೇ ಇದ್ದಳು.